ಚಪ್ಪಲಿ ದೇಶದ್ದಂತೆ, ಜಾತಿ ನಮ್ಮದಂತೆ

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ಪಟ್ಟಣದಲ್ಲಿ ಪ್ರಾಡಾ ಎಂಬ ಸಿರಿವಂತರ ಕಂಪನಿ ತನ್ನ ಹೊಸ ಉಡುಪುಗಳ ಪ್ರದರ್ಶನ ನಡೆಸಿತು. ಅಲ್ಲಿ ನಡೆದಾಡಿದ ಗಂಡಸರ ಕಾಲಲ್ಲಿ ಇದ್ದದ್ದು ನಮ್ಮ ಕೊಲ್ಲಾಪುರಿ ಚಪ್ಪಲಿಯ ಪಡಿಯಚ್ಚು. ಕಂಪನಿ ಅದನ್ನು ಬರೀ 'ತೊಗಲಿನ ಚಪ್ಪಲಿ' ಎಂದು ಕರೆಯಿತು. ಯಾವ ಊರಿನದು, ಯಾರ ಕೈಯದು ಎಂಬ ಸೊಲ್ಲೇ ಇಲ್ಲ. ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ನೋಡನೋಡುತ್ತ ದೇಶ ಎದ್ದು ಕೂತಿತು. ನಮ್ಮ ಪರಂಪರೆ ಕದ್ದರು, ನಮ್ಮ ಸಂಸ್ಕೃತಿಗೆ ಅವಮಾನ ಮಾಡಿದರು ಎಂದು ಕೂಗೆದ್ದಿತು.

ಕಂಪನಿ ಮಾಡಿದ್ದು ಕಳ್ಳತನವೇ. ಅದರಲ್ಲಿ ನಮಗೆ ಅನುಮಾನ ಇಲ್ಲ. ಆದರೆ ಈ ಕೂಗು ಕೇಳಿ ನಾವು ಬೆರಗಾದೆವು. ಚಪ್ಪಲಿ ನಿಮ್ಮ ಸಂಸ್ಕೃತಿ ಆದದ್ದು ಯಾವಾಗಿನಿಂದ ಸ್ವಾಮಿ?

ಚಪ್ಪಲಿ ಹೊಲಿಯುವವನನ್ನು ಮುಟ್ಟಿದರೆ ಮೈಲಿಗೆ ಎಂದವರು ನೀವು. ನಮ್ಮ ಅಜ್ಜಂದಿರು ತಾವೇ ಹೊಲಿದ ಚಪ್ಪಲಿಯನ್ನು ಗೌಡರ ಓಣಿ ಬಂದ ಕೂಡಲೆ ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದರು. 'ಏ, ಮೆಟ್ಟು ಕೈಯಾಗ ಹಿಡ್ಕೊಂಡು ನಡಿಯೋ' ಎಂಬ ಮಾತು ನಮ್ಮ ಕೇರಿಗಳ ಕಿವಿಯಿಂದ ಇನ್ನೂ ಹೋಗಿಲ್ಲ. ಯಾರನ್ನಾದರೂ ಹೀಯಾಳಿಸಬೇಕಾದರೆ ನಿಮಗೆ ಚಪ್ಪಲಿ ಹಾರ ಬೇಕು. ಬೈಯಬೇಕಾದರೆ ನಮ್ಮ ಜಾತಿಯ ಹೆಸರು ಬೇಕು. ಇಂಥ ಚಪ್ಪಲಿ ಮಿಲಾನಿನಲ್ಲಿ ಕಂಡ ಮರುಗಳಿಗೆಗೆ ದೇಶದ ಮಾನವಾಗಿಬಿಟ್ಟಿತು!

ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. 1990ರಲ್ಲಿ ಅಮೆರಿಕದ ಜೋಸೆಫ್ ನೈ ಎಂಬ ಪಂಡಿತ ಅದಕ್ಕೊಂದು ಹೆಸರು ಕೊಟ್ಟ: ಮೆದು ಬಲ. ಬಂದೂಕು ತೋರಿಸಿ ಹೆದರಿಸುವ ಬದಲು ಹಾಡು, ಕುಣಿತ, ಸಿನಿಮಾ, ಉಡುಪು ತೋರಿಸಿ ಒಲಿಸಿಕೊಳ್ಳುವುದು. ನಮ್ಮ ಸರಕಾರಗಳೂ ಇದನ್ನು ಬಹಳ ಕಾಲದಿಂದ ಮಾಡುತ್ತ ಬಂದಿವೆ. 1982ರಲ್ಲಿ ಬ್ರಿಟನ್ನಿನಲ್ಲಿ, 1985ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ಭಾರತೋತ್ಸವ ಆಯಿತು. 2015ರಿಂದ ಜೂನ್ 21 ಲೋಕಕ್ಕೆಲ್ಲ ಯೋಗದ ದಿನವಾಯಿತು. ಆಗೆಲ್ಲ ಕಲಾವಿದರನ್ನು ಸರಕಾರ ವಿಮಾನ ಹತ್ತಿಸಿ ಕಳಿಸಬೇಕಿತ್ತು. ಈಗ ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ರಾಯಭಾರ ಕಚೇರಿ ಇದೆ. ಬೆರಳು ಒತ್ತಿದರೆ ಸಂಸ್ಕೃತಿ ಸಮುದ್ರ ದಾಟುತ್ತದೆ. ಆದರೆ ಏನು ದಾಟಬೇಕು, ಏನು ದಾಟಬಾರದು ಎಂದು ತೀರ್ಮಾನ ಮಾಡುವವರು ಮಾತ್ರ ಬದಲಾಗಿಲ್ಲ.

ಮೆದು ಅಂದರೆ ಏನು ಅಂತ ನಮಗೆ ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ತೊಗಲು ತಾನಾಗಿ ಮೆದುವಾಗುವುದಿಲ್ಲ. ಸುಣ್ಣದಲ್ಲಿ ನೆನೆಹಾಕಬೇಕು. ಕೂದಲು ಕೆರೆಯಬೇಕು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ದಿನಗಟ್ಟಲೆ ಹದ ಮಾಡಬೇಕು. ಆ ನಾತದಲ್ಲೇ ಉಣ್ಣಬೇಕು, ಆ ನಾತದಲ್ಲೇ ಮಕ್ಕಳನ್ನು ಮಲಗಿಸಬೇಕು. ಡೋರರು ಹದ ಮಾಡಿದ ತೊಗಲನ್ನು ಸಮಗಾರರು ಕೊಯ್ದು, ಬಡಿದು, ಹೊಲಿದರು. ಮೇಲಿನ ಜಡೆ ಹೆಣೆದದ್ದು ನಮ್ಮ ಅವ್ವಂದಿರ ಬೆರಳು. ದೇಶದ ಮೆದು ಬಲಕ್ಕೆ ಬೇಕಾದ ಗಟ್ಟಿ ದುಡಿಮೆ ನಮ್ಮದು.

ಹೆಸರು ಕೊಲ್ಲಾಪುರದ್ದಾದರೂ ಕೈ ಅಥಣಿಯದೂ ಹೌದು, ನಿಪ್ಪಾಣಿಯದೂ ಹೌದು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಕಾಯಿದೆಯ ರಕ್ಷಣೆ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ - ಒಟ್ಟು 8 ಜಿಲ್ಲೆಗಳಿಗೆ ಸೇರಿದ ಹಕ್ಕು ಅದು. ಆದರೆ ಆ ಹಕ್ಕಿನ ಒಡೆತನ ಬರೆದಿರುವುದು ಎರಡು ರಾಜ್ಯಗಳ ಎರಡು ಚರ್ಮೋದ್ಯಮ ನಿಗಮಗಳ ಹೆಸರಿಗೆ. ಪ್ರಾಡಾ ವಿರುದ್ಧ ಕೆಲವು ವಕೀಲರು ಮುಂಬಯಿ ಹೈಕೋರ್ಟಿಗೆ ಹೋದಾಗ, 2025ರ ಜುಲೈನಲ್ಲಿ, ಕೇಳಲು ನೀವು ಯಾರು, ಒಡೆತನ ಇದ್ದವರು ಬರಲಿ ಎಂಬ ಅರ್ಥದಲ್ಲಿ ಅರ್ಜಿ ವಜಾ ಆಯಿತು. ಹೊಲಿದವನಿಗೆ ನ್ಯಾಯಾಲಯದ ಬಾಗಿಲು ತಟ್ಟಲು ಕೂಡ ಇನ್ನೊಬ್ಬರ ರುಜು ಬೇಕು.

ಅದೇ ವರ್ಷದ ಡಿಸೆಂಬರಿನಲ್ಲಿ ರಾಜಿ ಆಯಿತು. ಆ ಎರಡು ನಿಗಮಗಳ ಜತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು. 2,000 ಜತೆ ಚಪ್ಪಲಿ ಇಲ್ಲೇ ಮಾಡಿಸುತ್ತೇವೆ, ಒಂದು ಜತೆಗೆ ಸುಮಾರು 800 ಯೂರೋ ಎಂದಿತು. ನಮ್ಮ ಸಂತೆಯಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಸಿಗುವ ಚಪ್ಪಲಿ ಅದು. ಎರಡು ದೇಶಗಳ ಗೆಳೆತನದ ಗುರುತು ಎಂದು ಫೋಟೋ ಬಂದವು.

ಕೆಲಸ ಬರುವುದಾದರೆ ಬರಲಿ, ನಾವು ಬೇಡ ಅನ್ನುವುದಿಲ್ಲ. ಹಸಿದ ಹೊಟ್ಟೆಗೆ ಮಾನ ಅಭಿಮಾನದ ಉಪದೇಶ ಮಾಡಲು ನಾವು ಮಠಾಧೀಶರಲ್ಲ. ಆದರೆ ಲೆಕ್ಕ ಕೇಳುತ್ತೇವೆ. ಆ 800 ಯೂರೋದಲ್ಲಿ ಹೊಲಿದವನ ಕೈಗೆ ಎಷ್ಟು? ಜಡೆ ಹೆಣೆದವಳ ಕೈಗೆ ಎಷ್ಟು? ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರು, ದೇಶದ ಹೆಸರು ಇರುತ್ತದೆ. ಕೇರಿಯ ಹೆಸರು ಇರುತ್ತದೆಯೆ?

ಇನ್ನೊಂದು ಚಿತ್ರವೂ ಹೀಗೇ ಮೊಬೈಲಿನಿಂದ ಮೊಬೈಲಿಗೆ ಹಾರಿತ್ತು. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನು ವಾಹನಕ್ಕೆ ಕಟ್ಟಿ ಬಡಿದರು. ಬಡಿದವರೇ ಹೆಮ್ಮೆಯಿಂದ ಚಿತ್ರ ತೆಗೆದು ಹರಡಿದರು. ಅವತ್ತು ನಮ್ಮ ಪರಂಪರೆಗೆ ಅವಮಾನ ಎಂದು ಈ ಪರಂಪರೆಯ ವಾರಸುದಾರರು ಎಷ್ಟು ಮಂದಿ ಕೂಗಿದರು? ಸತ್ತ ದನಗಳನ್ನು ಸರಕಾರಿ ಕಚೇರಿಯ ಮುಂದೆ ತಂದು ಸುರಿದು, ನಿಮ್ಮ ಹಸುವನ್ನು ನೀವೇ ಮಣ್ಣು ಮಾಡಿ ಎಂದವರು ದಲಿತರೇ. 2015ರಲ್ಲಿ ಮಹಾರಾಷ್ಟ್ರ, 2021ರಲ್ಲಿ ಕರ್ನಾಟಕ ಗೋಹತ್ಯೆ ಕಾಯಿದೆಗಳನ್ನು ಬಿಗಿ ಮಾಡಿದವು. ತೊಗಲು ಮುಟ್ಟಿದರೆ ಹೊಡೆತ, ಚಪ್ಪಲಿ ಮಾರಿದರೆ ಸಂಸ್ಕೃತಿ. ಎರಡರ ನಡುವೆ ಇರುವವನು ಒಬ್ಬನೇ ಮನುಷ್ಯ ಎಂಬುದು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲವಲ್ಲ!

ಚಪ್ಪಲಿಯ ಜತೆ ಆ ಮನುಷ್ಯನ ನೋವೂ ಸಮುದ್ರ ದಾಟಲು ಹೋದಾಗ ಏನಾಯಿತು? 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆಯ ಜನಾಂಗ ದ್ವೇಷ ವಿರೋಧಿ ಸಮ್ಮೇಳನ ನಡೆಯಿತು. ಜಾತಿಯ ಮಾತೂ ಅಲ್ಲಿ ಬರಲಿ ಎಂದು ದಲಿತರು ಹೋದರು. ಭಾರತ ಸರಕಾರ ಬಿಡಲಿಲ್ಲ. ಜಾತಿ ನಮ್ಮ ಮನೆಯೊಳಗಿನ ಸಂಗತಿ ಎಂದಿತು. 2023ರಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ, ಕ್ಯಾಲಿಫೋರ್ನಿಯ ಅಂಥದೇ ಮಸೂದೆ ತಂದಾಗ, ಹಿಂದೂಗಳ ಹೆಸರು ಕೆಡಿಸುತ್ತಾರೆ ಎಂದು ಅಲ್ಲಿನ ಕೆಲವು ಹಿಂದೂ ಸಂಘಟನೆಗಳು ಬೊಬ್ಬೆ ಹಾಕಿದವು. ಇರುವ ಕಾನೂನೇ ಸಾಕು ಎಂದು ಅಲ್ಲಿನ ಗವರ್ನರ್ ಮಸೂದೆಯನ್ನು ತಿರಸ್ಕರಿಸಿದರು. ಯೋಗ ಲೋಕದ್ದು, ಚಪ್ಪಲಿ ದೇಶದ್ದು, ಜಾತಿ ಮಾತ್ರ ಮನೆಯೊಳಗಿನದು!

2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಂಡೆಯ ಮೇಲೆ ಪ್ರಧಾನಿ ನರೇಂದ್ರ ಮೋದಿ ಬಸವಣ್ಣನ ಪ್ರತಿಮೆ ಅನಾವರಣ ಮಾಡಿದರು. ನಮಗೂ ಸಂತೋಷವೇ. ಆದರೆ ಬಸವಣ್ಣನ ಜತೆ ಸಮಗಾರ ಹರಳಯ್ಯ ಯಾಕೆ ವಿಮಾನ ಹತ್ತಲಿಲ್ಲ? ತನ್ನ ಮತ್ತು ಹೆಂಡತಿಯ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದವನು ಅವನು ಎಂದು ನಮ್ಮ ಜನ ಹೇಳುತ್ತಾರೆ. ಅವನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದದ್ದಕ್ಕೆ ಬೀಗರಿಬ್ಬರನ್ನೂ ಕಲ್ಯಾಣದ ಬೀದಿಯಲ್ಲಿ ಎಳೆಹೂಟೆ ಕಟ್ಟಿಸಿ ಕೊಂದರು ಎಂದೂ ಹೇಳುತ್ತಾರೆ. ಈ ಕತೆ ಹೇಳಿದರೆ ಮೆದು ಬಲ ಗಡುಸಾಗುತ್ತದೆ. ಅದಕ್ಕೇ ಹೇಳುವುದಿಲ್ಲ.

ಗೆಳೆಯರೇ, ಇವತ್ತು ನಮ್ಮ ಕೈಯಲ್ಲೂ ಮೊಬೈಲ್ ಇದೆ. ದೇಶದ ಜಾಹೀರಾತಿಗೆ ಕೈತೋರಿಸಿ ಮುಖ ಮುಚ್ಚಿಕೊಳ್ಳುವ ಬೊಂಬೆಗಳಾಗುವುದು ಬೇಡ. ಚಪ್ಪಲಿಯ ಚಿತ್ರ ಹಾಕುವಾಗ ಹೊಲಿದವರ ಹೆಸರು ಹಾಕೋಣ, ಕೇರಿಯ ಹೆಸರು ಹಾಕೋಣ, ಕೂಲಿ ಎಷ್ಟು ಎಂದು ಹಾಕೋಣ. ಒಡೆತನದ ಕಾಗದದಲ್ಲಿ ಹೊಲಿಯುವವರ ಸಂಘಗಳ ಹೆಸರು ಬರಲಿ ಎಂದು ನಿಗಮಗಳ ಬಾಗಿಲಲ್ಲಿ ಕೂರೋಣ. ಮಾನ ದೇಶಕ್ಕೆ, ಮೈಲಿಗೆ ನಮಗೆ ಎಂಬ ಪಾಲುಪಟ್ಟಿಯನ್ನು ನಾವು ಒಪ್ಪುವುದಿಲ್ಲ. ಚಪ್ಪಲಿ ದೇಶದ್ದಾದರೆ ಹೊಲಿದವನೂ ದೇಶದವನೇ. ಅವನನ್ನು ಮೊದಲು ಊರೊಳಕ್ಕೆ ಕರೆಯಿರಿ. ಮಿಲಾನಿನ ಮಾತು ಆಮೇಲೆ ಆಡೋಣ.