ಲಿನಕ್ಸ್ ಏಳುವ ಮೊದಲು

ಲಿನಕ್ಸ್ ಹಾಕಿಕೊಂಡರೆ ವೈರಸ್ ಕಾಟವಿಲ್ಲ ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಅದರಲ್ಲಿ ನಿಜವೂ ಇದೆ. ಸಾವಿರಾರು ಜನ ಓದಿ ತಿದ್ದುವ ಸೋರ್ಸ್ ಕೋಡ್‌ನಲ್ಲಿ ಕಳ್ಳಗಿಂಡಿಯನ್ನು ಬಚ್ಚಿಡುವುದು ಸುಲಭವಲ್ಲ. ಆದರೆ ಪವರ್ ಬಟನ್ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಲಿನಕ್ಸ್ ಅಲ್ಲ, ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರ್. ನಾವು ಇಂದಿಗೂ ಬಯಾಸ್ ಎಂದೇ ಕರೆಯುವ ಈ ಯುಇಎಫ್‌ಐ, ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಬೂಟ್‌ಲೋಡರ್ ಲಿನಕ್ಸಿನ ತಿರುಳಾದ ಕರ್ನಲನ್ನು ಎಬ್ಬಿಸುತ್ತದೆ. ಮೊದಲು ಎದ್ದದ್ದೇ ಸುಳ್ಳು ಹೇಳತೊಡಗಿದರೆ ಆಮೇಲೆ ಎದ್ದದ್ದಕ್ಕೆ ಅದನ್ನು ಪತ್ತೆಮಾಡುವುದು ಬಹಳ ಕಷ್ಟ. ಮುಕ್ತ ತಂತ್ರಾಂಶವನ್ನು ನೆಚ್ಚಿಕೊಂಡವರು ಈ ಮೊದಲ ಮೆಟ್ಟಿಲನ್ನು ಕಂಪನಿಗಳ ಗುಟ್ಟಿಗೆ ಬಿಟ್ಟುಕೊಟ್ಟಿರುವುದೇ ಇಂದಿನ ದೊಡ್ಡ ಅಪಾಯ.

2024ರ ನವೆಂಬರ್‌ನಲ್ಲಿ ಇಸೆಟ್ ಸಂಸ್ಥೆಯ ಸಂಶೋಧಕರು ‘ಬೂಟ್‌ಕಿಟ್ಟಿ’ಯನ್ನು ಬಯಲಿಗೆ ತಂದರು. ಲಿನಕ್ಸನ್ನೇ ಗುರಿಯಾಗಿಸಿದ ಮೊದಲ ಯುಇಎಫ್‌ಐ ಬೂಟ್‌ಕಿಟ್, ಅಂದರೆ ಓಎಸ್ ಏಳುವ ಮೊದಲೇ ನುಗ್ಗಿ ಕೂರುವ ದುಷ್ಟ ತಂತ್ರಾಂಶ, ಅದು. ಉಬುಂಟುವಿನ ಕೆಲವು ಆವೃತ್ತಿಗಳಲ್ಲಿ ಅದು ಕರ್ನಲ್ ಏಳುವ ಹೊತ್ತಿಗೇ ಮೆಮೊರಿಯೊಳಗೆ ಕೈಯಾಡಿಸಿ, ಮಾಡ್ಯೂಲ್‌ಗಳ ಸಹಿ ಪರೀಕ್ಷೆ ಪ್ರತಿಸಲವೂ ‘ಸರಿ’ ಎಂದೇ ಉತ್ತರಿಸುವಂತೆ ಮಾಡುತ್ತಿತ್ತು. ಕಾವಲುಗಾರ ಜಾಗದಲ್ಲೇ ಇರುತ್ತಾನೆ, ಯಾರನ್ನೂ ತಡೆಯುವುದಿಲ್ಲ. ಇದು ಕೊರಿಯಾದ ತರಬೇತಿ ಕಾರ್ಯಕ್ರಮವೊಂದರ ವಿದ್ಯಾರ್ಥಿಗಳ ಪ್ರಯೋಗವೆಂದು ನಂತರ ತಿಳಿಯಿತು. ಹಾಗಾದರೆ ಹೆದರಬೇಕಿಲ್ಲ ಎನ್ನುವವರಿದ್ದಾರೆ. ನನಗೆ ಹೆದರಿಕೆ ಹುಟ್ಟಿಸುವುದು ಅದೇ ಸಂಗತಿ: ಕಲಿಯುವವರಿಗೆ ಸಾಧ್ಯವಾದದ್ದು ಹಣ, ಸಮಯ ಎರಡೂ ಇರುವ ಗೂಢಚಾರ ಪಡೆಗಳಿಗೆ ಅಸಾಧ್ಯವೇ? ಕಂಪ್ಯೂಟರ್ ಏಳುವಾಗ ಪರದೆಯ ಮೇಲೆ ಮೂಡುವ ಕಂಪನಿ ಲಾಂಛನದ ಚಿತ್ರದಲ್ಲೇ ದಾಳಿಯ ಕೋಡ್ ಅಡಗಿಸುವ ‘ಲೋಗೋಫೇಲ್’ ದೋಷ 2023ರಲ್ಲಿ ಹೊರಬಿದ್ದಿತ್ತು. ಸರಿಯಾದ ಸಹಿಯಿಲ್ಲದ ಬೂಟ್‌ಲೋಡರನ್ನು ತಡೆಯುವ ಸೆಕ್ಯೂರ್ ಬೂಟನ್ನು ದಾಟಲು ಬೂಟ್‌ಕಿಟ್ಟಿಯ ಜೊತೆ ಆ ದೋಷವನ್ನೂ ಹೆಣೆಯಲಾಗಿತ್ತು ಎಂದು ಬೈನಾರ್ಲಿ ಸಂಸ್ಥೆ ತೋರಿಸಿತು.

ಇಂಥ ದಾಳಿಗೆ ಮೊದಲೇ ರೂಟ್ ಅಧಿಕಾರ, ಅಂದರೆ ಓಎಸ್ ಮೇಲೆ ಪೂರ್ಣ ಹಿಡಿತ ಬೇಕು, ಅದು ಸಿಕ್ಕವನಿಗೆ ಫರ್ಮ್‌ವೇರ್ ಏಕೆ ಎಂಬುದು ಇನ್ನೊಂದು ಆಕ್ಷೇಪ. ಉತ್ತರ ವಿಂಡೋಸ್ ಲೋಕದಲ್ಲಿದೆ. 2018ರಲ್ಲಿ ಪತ್ತೆಯಾದ ‘ಲೋಜಾಕ್ಸ್’ ಮದರ್‌ಬೋರ್ಡಿನ ಚಿಪ್‌ನಲ್ಲೇ ಬೀಡುಬಿಟ್ಟಿತ್ತು. ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ, ಡಿಸ್ಕನ್ನೇ ಬದಲಿಸಿದರೂ ಅದು ಹೋಗುತ್ತಿರಲಿಲ್ಲ. ಒಮ್ಮೆ ನುಗ್ಗಿದವನು ಕಾಯಂ ಆಗಿ ಉಳಿಯುವುದೇ ಇಲ್ಲಿನ ಆಟ.

ಇದಕ್ಕೆ ಮದ್ದು ಫರ್ಮ್‌ವೇರನ್ನೂ ಮುಕ್ತವಾಗಿಸುವುದು. ಹಾಗೆ ಮುಕ್ತವಾದರೆ ದೋಷಗಳು ಕಳ್ಳರಿಗೂ ಕಾಣುತ್ತವಲ್ಲ ಎಂಬ ಪ್ರಶ್ನೆ ಗಟ್ಟಿಯಾದದ್ದು. ಮುಕ್ತ ಕೋಡ್‌ನಲ್ಲಿ ತೂತುಗಳಿಲ್ಲ ಎಂದು ನಾನು ಹೇಳಲಾರೆ. 2020ರ ‘ಬೂಟ್‌ಹೋಲ್’ ದೋಷ ಇದ್ದದ್ದು ಮುಕ್ತವಾದ ಗ್ರಬ್ ಬೂಟ್‌ಲೋಡರ್‌ನಲ್ಲೇ. ಆದರೆ ಅದು ಗೊತ್ತಾದೊಡನೆ ಬೇರೆ ಬೇರೆ ಲಿನಕ್ಸ್ ತಂಡಗಳು ಒಟ್ಟಾಗಿ ಕೋಡ್ ಜಾಲಾಡಿ, ಇನ್ನಷ್ಟು ದೋಷಗಳನ್ನು ಹುಡುಕಿ ತಿದ್ದಿದವು. ಮುಚ್ಚಿಟ್ಟ ಕಡೆ ಏನಾಯಿತು ನೋಡಿ. 2024ರಲ್ಲಿ ಬಯಲಾದ ‘ಪಿಕೆಫೇಲ್’ ಪ್ರಕರಣದಲ್ಲಿ, ‘ಡು ನಾಟ್ ಟ್ರಸ್ಟ್’, ಅಂದರೆ ಇದನ್ನು ನಂಬಬೇಡಿ ಎಂದು ಹೆಸರಲ್ಲೇ ಬರೆದಿದ್ದ ಸೆಕ್ಯೂರ್ ಬೂಟಿನ ಪರೀಕ್ಷಾ ಕೀಲಿಯನ್ನು ಕಂಪನಿಗಳು ನೂರಾರು ಮಾದರಿಯ ಯಂತ್ರಗಳಲ್ಲಿ ಹಾಗೇ ಉಳಿಸಿ ಮಾರಿದ್ದವು. ವರ್ಷಗಟ್ಟಲೆ ಯಾರೂ ಅದನ್ನು ಸರಿಪಡಿಸಲಿಲ್ಲ. ಮುಚ್ಚಿಟ್ಟದ್ದರಿಂದ ಕಳ್ಳರಿಗೆ ತಡೆಯಾಗಲಿಲ್ಲ, ತಪ್ಪು ಮಾಡಿದವರಿಗೆ ಮರೆಯಾಯಿತು.

ಬಳಕೆದಾರರ ಪಾಲಿನ ಕೆಲಸ ಚಿಕ್ಕದು. ಡ್ರೈವರ್ ಹಾಕಲು ತೊಡಕಾಯಿತೆಂದು ಸೆಕ್ಯೂರ್ ಬೂಟ್ ಆಫ್ ಮಾಡಿ ಮರೆತುಬಿಡಬಾರದು. ಎಫ್‌ಡಬ್ಲ್ಯುಅಪ್‌ಡಿ ಎಂಬ ಮುಕ್ತ ಸಾಧನದಿಂದ ಫರ್ಮ್‌ವೇರನ್ನೂ ಆಗಾಗ ಅಪ್‌ಡೇಟ್ ಮಾಡಬೇಕು. ದೊಡ್ಡ ಹೊಣೆ ಸಗಟು ಖರೀದಿ ಮಾಡುವ ಸರ್ಕಾರಗಳದು. ಕೇರಳದ ಶಾಲೆಗಳು ಉಬುಂಟು ಆಧಾರಿತ ವ್ಯವಸ್ಥೆ ಬಳಸುತ್ತಿವೆ. ರಕ್ಷಣಾ ಸಚಿವಾಲಯ ‘ಮಾಯಾ’ ಎಂಬ ಓಎಸ್ ರೂಪಿಸಿಕೊಂಡಿದೆ. ಇವು ಸರಿಯಾದ ಹೆಜ್ಜೆಗಳು, ಆದರೆ ಅರ್ಧ ದಾರಿ ಮಾತ್ರ. ಕೋರ್‌ಬೂಟ್‌ನಂಥ ಮುಕ್ತ ಫರ್ಮ್‌ವೇರ್ 1999ರಿಂದಲೂ ಬೆಳೆಯುತ್ತಾ ಬಂದಿದೆ. ಕ್ರೋಮ್‌ಬುಕ್‌ಗಳು ಅದರ ಮೇಲೆಯೇ ಓಡುತ್ತಿವೆ. ಆದ್ದರಿಂದ ಸರ್ಕಾರಿ ಟೆಂಡರ್‌ಗಳಲ್ಲಿ ರ‍್ಯಾಮ್, ಪ್ರೊಸೆಸರ್‌ಗಳ ಜೊತೆ ಇನ್ನೆರಡು ಷರತ್ತು ಸೇರಲಿ: ಫರ್ಮ್‌ವೇರ್ ಪರಿಶೀಲನೆಗೆ ತೆರೆದಿರಬೇಕು, ಯಂತ್ರದ ಆಯುಷ್ಯ ಮುಗಿಯುವವರೆಗೂ ಅದಕ್ಕೆ ಅಪ್‌ಡೇಟ್ ಬರಬೇಕು. ಸಾವಿರಗಟ್ಟಲೆ ಯಂತ್ರ ಕೊಳ್ಳುವ ಗಿರಾಕಿ ಪಟ್ಟು ಹಿಡಿದರೆ ಕಂಪನಿಗಳು ಬಗ್ಗಲೇಬೇಕಾಗುತ್ತದೆ.