ಕಲಿಸುವವನು ಮೊದಲು ಕಲಿಯತಕ್ಕದ್ದು

ಪರನಾಡಿಗೆ ಪಾಠ ಹೇಳಲು ಹೋಗುವವನಲ್ಲಿ ಮೊಟ್ಟಮೊದಲು ಇರತಕ್ಕ ಯೋಗ್ಯತೆ ಯಾವುದು? ಪದವಿಯೆ, ಪಾಂಡಿತ್ಯವೆ, ದೊಡ್ಡ ಸಂಸ್ಥೆಯ ಬೆಂಬಲವೆ? ಇವೆಲ್ಲವೂ ಬೇಕಾದವುಗಳೇ. ಆದರೆ ಎದುರಿಗೆ ಕುಳಿತ ಮಗುವಿನ ನುಡಿಯನ್ನರಿಯದವನಲ್ಲಿ ಇವು ಇದ್ದೂ ಇಲ್ಲದಂತೆಯೇ ಸರಿ. ಇದಕ್ಕೆ ನಿದರ್ಶನವನ್ನು ನಾವು ದೂರ ಹುಡುಕಬೇಕಾಗಿಲ್ಲ.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. 1836ರಲ್ಲಿ ಹರ್ಮನ್ ಮೋಗ್ಲಿಂಗನು ಬಂದನು. ಆಗ ಅವನಿಗೆ ಇಪ್ಪತ್ತೈದು ವರುಷ. ಜರ್ಮನಿಯವನಾದ ಅವನಿಗೆ ನಮ್ಮ ನಾಡು ಪರದೇಶ, ನಮ್ಮ ನುಡಿ ಅಪರಿಚಿತ. ಆದರೂ ಅವನು ಕನ್ನಡವನ್ನು ಕಲಿತನು, ಹುಡುಗರಿಗಾಗಿ ಶಾಲೆಯನ್ನು ನಡೆಯಿಸಿದನು, 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಕನ್ನಡದ ಮೊದಲ ಪತ್ರಿಕೆ ಅದೇ. ಬಳಿಕ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚು ಹಾಕಿಸಿದನು. 1853ರಲ್ಲಿ ಬಂದ ಕಿಟ್ಟೆಲನು ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ಕೋಶವನ್ನು ನಮ್ಮ ಕೈಗಿತ್ತನು.

ಇವರು ಬಂದುದು ಮತಪ್ರಸಾರಕ್ಕಾಗಿಯೇ ಅಲ್ಲವೆ ಎಂದು ಕೇಳುವವರುಂಟು. ಹೌದು, ಅದನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯನೂ ಅವನ ಸಂಗಡಿಗರಿಬ್ಬರೂ ಕ್ರಿಸ್ತಮತವನ್ನು ಸೇರಿದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವೆದ್ದಿತು. ನಾಡಿಗರ ಸ್ವಂತ ಪ್ರಯತ್ನವೂ ಮುಂದೆ ಫಲಿಸಿತು: 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಆದರೆ ನಮ್ಮ ವಾದವು ಇದರಿಂದ ಇನ್ನಷ್ಟು ಬಲಗೊಳ್ಳುತ್ತದೆಯೇ ಹೊರತು ಕುಗ್ಗುವುದಿಲ್ಲ. ನಮ್ಮ ಮತವನ್ನೇ ಬದಲಿಸಲು ಬಂದವನೂ ನಮ್ಮ ನುಡಿಯನ್ನು ಬಿಟ್ಟು ಒಂದು ಹೆಜ್ಜೆ ಇಡಲಾರೆನೆಂದು ತಿಳಿದಿದ್ದನು. ಹಾಗಿರಲು, ಪ್ರಜೆಗಳ ತೆರಿಗೆಯಿಂದ ಸಂಬಳ ಪಡೆಯುವ ಉಪಾಧ್ಯಾಯನಿಗೆ ಆ ತಿಳಿವು ಬೇಡವೆ?

ನಾವು ಹೇಳುವುದು ಕಾಸರಗೋಡಿನ ಮಾತು. ಅಲ್ಲಿಯ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದುದನ್ನು ವಿರೋಧಿಸಿ ಮಕ್ಕಳೂ ಪಾಲಕರೂ ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ಗಣಿತವನ್ನು ಕಲಿಯಬೇಕಾದ ಮಗು ಮೊದಲು ಗುರುವಿನ ಮಾತನ್ನು ಊಹಿಸಬೇಕಾಗುವುದು. ಊಹಿಸಲಾರದಿದ್ದರೆ ದಡ್ಡನೆಂಬ ಹೆಸರು ಮಗುವಿಗೆ, ಗುರುವಿಗಲ್ಲ!

ಘಟ್ಟದ ಮೇಲಿನ ನಿಲ್ಕುಂದದವರಾದ ನಮಗೇಕೆ ಕಾಸರಗೋಡಿನ ಚಿಂತೆಯೆಂದರೆ, ಮೋಗ್ಲಿಂಗನ ಕಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳೂ ಕಾಸರಗೋಡೂ ಒಂದೇ ಕೆನರಾ ಜಿಲ್ಲೆಯಲ್ಲಿದ್ದುವು. 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರ ನವೆಂಬರ್ 1ರಂದು ನಾವು ಏಕೀಕೃತ ರಾಜ್ಯದೊಳಗೆ ಬಂದೆವು, ಕಾಸರಗೋಡು ಕೇರಳದ ಪಾಲಾಯಿತು. ಒಂದೇ ಮನೆಯ ಅಣ್ಣನು ಒಳಗೆ, ತಮ್ಮನು ಹೊರಗೆ. ಅದೇ ವರುಷದ ಏಳನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ 350ಎ ವಿಧಿಯು ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂಬುದು ಅದರ ತಾತ್ಪರ್ಯ. ನುಡಿ ಬಾರದ ಗುರುವನ್ನು ಕಳುಹಿಸುವುದು ಯಾವ ಬಗೆಯ ಅನುಕೂಲವೆಂದು ಕಾನೂನು ಬಲ್ಲವರು ಹೇಳಲಿ.

ಆದರೆ ಒಂದು ಮಾತು. ನ್ಯಾಯದ ತಕ್ಕಡಿ ನಮಗೊಂದು, ಪರರಿಗೊಂದು ಇರಲಾಗದು. ಯಲ್ಲಾಪುರದ ಕಾಡಿನ ಸಿದ್ದಿ ಕೇರಿಗಳಲ್ಲಿ ಮನೆಮಾತು ಹೆಚ್ಚಾಗಿ ಕೊಂಕಣಿಯ ಒಂದು ಬಗೆ. ಅಲ್ಲಿಗೆ ಬಯಲುಸೀಮೆಯಿಂದ ಹೋಗುವ ಕನ್ನಡದ ಮಾಸ್ತರನೂ ಆ ಮಕ್ಕಳ ಪಾಲಿಗೆ ಪರನಾಡಿನವನೇ. ಅವನು ಕೇರಿಯ ನಾಲ್ಕು ಮಾತು ಕಲಿತು, ಆ ಮಾತಿನ ಕೈಹಿಡಿದು ಮಕ್ಕಳನ್ನು ಕನ್ನಡಕ್ಕೆ ಕರೆತರಲಿ. ನಾವು ಹೊರಗೆ ಬೇಡುವ ನ್ಯಾಯವನ್ನು ಒಳಗೆ ನಡೆಯಿಸಿದಾಗಲೇ ನಮ್ಮ ಬೇಡಿಕೆಗೆ ತೂಕ ಬರುವುದು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ, ಬರೆದು, ಪಾಠ ಹೇಳಬಲ್ಲವರನ್ನೇ ನೇಮಿಸಬೇಕೆಂದು ಕರ್ನಾಟಕ ಸರಕಾರವು ಕೇರಳವನ್ನು ಬಿಡದೆ ಒತ್ತಾಯಿಸಲಿ. ನಮ್ಮ ಊರೂರಿನ ಶಿಕ್ಷಕ ಸಂಘಗಳೂ ಈ ವಿಷಯದಲ್ಲಿ ಠರಾವು ಮಾಡಿ ಕಳುಹಿಸಲಿ. ಸಮುದ್ರ ದಾಟಿ ಬಂದ ಪರದೇಶಿಯು ಮಾಡಿದುದನ್ನು ನೆರೆನಾಡಿನವನು ಮಾಡಲಾರನೆಂದರೆ ಯಾರು ನಂಬಿಯಾರು?