ಮಾರಿಯೋಗೆ ವಯಸ್ಸಾಯ್ತಂತೆ!

ಹಳೇ ವಿಡಿಯೋ ಗೇಮುಗಳು ಈ ಕಾಲಕ್ಕೆ ನಡೆಯೋದಿಲ್ಲ, ಅವನ್ನ ಹೊಗಳೋರೆಲ್ಲ ತಮ್ಮ ಬಾಲ್ಯವನ್ನ ಹೊಗಳಿಕೊಳ್ತಾರೆ ಅಷ್ಟೇ ಅನ್ನೋ ಮಾತು ಈಚೆಗೆ ಎಲ್ಲಿ ಹೋದ್ರೂ ಕಿವಿಗೆ ಬೀಳ್ತಿದೆ. ಮೊನ್ನೆ ಭಾನುವಾರ ನನ್ನ ಅಕ್ಕನ ಮಗ, ಗಚ್ಚಿಬೌಲಿಯಿಂದ ಶಂಶಾಬಾದಿಗೆ ಊಟಕ್ಕೆ ಬಂದವನು, ಇದನ್ನ ನನ್ನ ಮುಖಕ್ಕೇ ಹೇಳಿದ. "ಮಾವ, ನಿಮ್ಮ ಮಾರಿಯೋ, ಕಾಂಟ್ರಾ ಎಲ್ಲಾ ನಾಸ್ಟಾಲ್ಜಿಯಾ. ಈಗಿನ ಹುಡುಗ್ರ ಕೈಗೆ ಕೊಟ್ಟು ನೋಡಿ, ಐದು ನಿಮಿಷ ಆಡಲ್ಲ." ಅಲ್ಲೇ ಉತ್ತರ ಕೊಡೋಣ ಅಂದ್ರೆ ಬಾಯಲ್ಲಿ ಮುದ್ದೆ ಇತ್ತು. (ಹೈದರಾಬಾದಿಗೆ ಬಂದು ಕಾಲು ಶತಮಾನ ಆದ್ರೂ ಭಾನುವಾರದ ಮುದ್ದೆ ಬಿಟ್ಟಿಲ್ಲ ಸ್ವಾಮಿ!) ಅದಕ್ಕೇ ಇಲ್ಲಿ ಬರೀತಿದೀನಿ. ಅವನೂ ಓದ್ಲಿ.

ನಾಸ್ಟಾಲ್ಜಿಯಾ ಅನ್ನೋ ಕಾಯಿಲೆ ನಮಗೆ ಗೊತ್ತಿಲ್ಲ ಅಂತಲ್ಲ. ಊರು ಬಿಟ್ಟು ಬಂದವರಿಗಿಂತ ಚೆನ್ನಾಗಿ ಅದನ್ನ ಬಲ್ಲವರು ಯಾರಿದಾರೆ ಹೇಳಿ? ತಿಪಟೂರಿನ ಒಂದು ಹೋಟೆಲಿನ ಮಸಾಲೆ ದೋಸೆ ನೆನೆದು ನೆನೆದು ಇಲ್ಲಿ ಹತ್ತು ವರ್ಷ ಬಾಯಲ್ಲಿ ನೀರು ಬರಿಸಿಕೊಂಡು, ರಜಕ್ಕೆ ಹೋದಾಗ ಬಸ್ಸಿಳಿದು ನೇರ ಅಲ್ಲಿಗೇ ನುಗ್ಗಿ ತಿಂದ್ರೆ… ಸಾಧಾರಣ. ದೋಸೆ ಬದಲಾಗಿತ್ತೋ, ನಾಲಿಗೆ ಬದಲಾಗಿತ್ತೋ, ಆ ಮಾತು ಬೇರೆ. ಆದರೆ ಅದೇ ರಜದಲ್ಲಿ ಅಮ್ಮ ಅಟ್ಟದಿಂದ ಅಳಗುಳಿಮಣೆ ಇಳಿಸಿದ್ರು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಅದನ್ನ ಅದುವರೆಗೆ ಕಂಡೇ ಇರಲಿಲ್ಲ. ರಾತ್ರಿ ಹನ್ನೊಂದಾದ್ರೂ ಅಜ್ಜಿಯನ್ನ ಮಲಗೋಕೆ ಬಿಡಲಿಲ್ಲ! ದೋಸೆ ಚೆನ್ನಾಗಿದ್ದದ್ದು ನನ್ನ ನೆನಪಿನಲ್ಲಿ ಮಾತ್ರ. ಮಣೆ ನಿಜವಾಗ್ಲೂ ಚೆನ್ನಾಗಿತ್ತು. ಹಂಪಿಯ ಗುಡಿಗಳಲ್ಲಿ ಕಲ್ಲು ಚಪ್ಪಡಿ ಮೇಲೆ ಕೊರೆದಿರೋ ಆಟದ ಮನೆಗಳನ್ನ ನೋಡಿದೀರಲ್ಲ, ಅವನ್ನ ನೋಡಿ "ಛೆ, ಗ್ರಾಫಿಕ್ಸ್ ಹಳೇದಾಯ್ತು" ಅಂತ ಯಾರಾದ್ರೂ ಅಂತಾರಾ?

ಹಾಗಾಗಿ ಒಂದು ಆಟ ಇವತ್ತಿಗೂ ನಿಲ್ಲುತ್ತಾ ಇಲ್ವಾ ಅಂತ ನನ್ನಂಥ ಐವತ್ತು ದಾಟಿದವನನ್ನ ಕೇಳಬಾರದು. ಅದರ ನೆನಪೇ ಇಲ್ಲದವರ ಕೈಗೆ ಕೊಟ್ಟು ನೋಡಬೇಕು. 2023ರ ಡಿಸೆಂಬರಿನಲ್ಲಿ ಅಮೆರಿಕದ ಓಕ್ಲಹೋಮದ ಒಬ್ಬ 13 ವರ್ಷದ ಹುಡುಗ, 1989ರ ನಿಂಟೆಂಡೊ ಟೆಟ್ರಿಸನ್ನ 157ನೇ ಲೆವೆಲ್‌ವರೆಗೂ ಆಡಿ, ಕೊನೆಗೆ ಆಟವೇ ಅಲ್ಲಾಡದೆ ನಿಂತುಬಿಡೋ ಹಾಗೆ ಮಾಡಿದ. ಮನುಷ್ಯ ಅಲ್ಲಿವರೆಗೆ ಮುಟ್ಟಿದ್ದು ಅದೇ ಮೊದಲು. ಆಟಕ್ಕೆ ಇಪ್ಪತ್ತು ವರ್ಷ ದಾಟಿದ ಮೇಲೆ ಹುಟ್ಟಿದ ಹುಡುಗ ಅವನು. ಅವನಿಗ್ಯಾವ ನಾಸ್ಟಾಲ್ಜಿಯಾ?

ಅಷ್ಟು ದೂರ ಯಾಕೆ, ನಮ್ಮನೆ ಮೇಲಿನ ಮಹಡಿಯ ಎಂಟು ವರ್ಷದ ಹುಡುಗಿ ಇದಾಳೆ. ಕೋಠಿಯ ಗುಜರಾತಿ ಗಲ್ಲಿಯಿಂದ ತಂದ ನಕಲಿ ಡಬ್ಬಿಯೊಂದು ನನ್ನ ಹತ್ರ ಇದೆ, ಟಿವಿಗೆ ಸಿಕ್ಕಿಸೋದು. (ನಮ್ಮ ಕಾಲದಲ್ಲೂ ನಿಂಟೆಂಡೊದ ಅಸಲಿ ಡಬ್ಬಿ ಕಂಡವರು ಎಷ್ಟು ಜನ? ನಮಗೆ ಗೊತ್ತಿದ್ದದ್ದು ಲಿಟಲ್ ಮಾಸ್ಟರ್, ಸಮುರಾಯ್, ಮತ್ತೆ "9999 ಆಟ" ಅಂತ ಬರೆದು ಹತ್ತೇ ಆಟ ಇರ್ತಿದ್ದ ಹಳದಿ ಕ್ಯಾಸೆಟ್ಟು.) ಅದರಲ್ಲಿ ಮಾರಿಯೋ ಹಾಕಿಕೊಟ್ಟೆ. ಏನೂ ಹೇಳಿಕೊಡಲಿಲ್ಲ. ಮೊದಲ ಅಣಬೆ ಭೂತ ಬಂತು, ಡಿಕ್ಕಿ, ಸತ್ತಳು. ಎರಡನೇ ಸಲ ಹಾರಿದಳು. ಮೂರನೇ ಸಲ ಅದರ ತಲೆ ಮೇಲೇ ಕೂತಳು. ಆಮೇಲೆ ಪ್ರಶ್ನೆ ಗುರುತಿನ ಇಟ್ಟಿಗೆಗೆ ತಲೆ ಬಡಿಯಿತು, ಕಾಸು ಬಂತು. ಹೊಂಡಕ್ಕೆ ಬಿದ್ದು ಸತ್ತಾಗ ನನ್ನ ಕಡೆ ತಿರುಗಿ, ಇನ್ನೊಂದೇ ಸಲ ಅಂತ, "ಇಂಕೊಕ್ಕಸಾರಿ ಅಂಕುಲ್!" ಅಂದಳು. ಆ ಸಂಜೆ ಆ ಮಾತು ಎಷ್ಟು ಸಲ ಬಂತೋ ಲೆಕ್ಕ ಇಡಲಿಲ್ಲ. ಅವರಮ್ಮ ಎರಡು ಸಲ ಕೆಳಗಿಳಿದು ಬರಬೇಕಾಯ್ತು.

ಇದು ಹೇಗಾಯ್ತು ಅಂದ್ರೆ, 1985ರಲ್ಲಿ ಅದನ್ನ ಮಾಡಿದವರು ಹಾಗೆ ಮಾಡಿದಾರೆ. ಮೊದಲ ಅರ್ಧ ನಿಮಿಷದಲ್ಲೇ ಆಟದ ನಿಯಮವೆಲ್ಲ ಒಂದಕ್ಷರ ಓದಿಸದೆ ಕಲಿಸಿಬಿಡುತ್ತೆ. ಸತ್ತರೆ ಯಾಕೆ ಸತ್ತೆ ಅಂತ ಮಗುವಿಗೂ ಗೊತ್ತಾಗುತ್ತೆ, ತಪ್ಪು ತನ್ನದೇ ಅಂತ ಗೊತ್ತಾಗುತ್ತೆ, ಅದಕ್ಕೇ ಇನ್ನೊಂದು ಸಲ. ಆ ಇಡೀ ಆಟ 40 ಕೆ.ಬಿ. ಅಷ್ಟೇ ಜಾಗದಲ್ಲಿ ಹಿಡಿಸಬೇಕು ಅಂತ ಆಕಾಶದ ಮೋಡ, ನೆಲದ ಪೊದೆ ಎರಡಕ್ಕೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ! ಈಗ ನೂರು ಜಿ.ಬಿ. ದಾಟೋ ಆಟಗಳಿವೆ. ನಮ್ಮ ಏರಿಯಾದ ಇಂಟರ್ನೆಟ್ಟಿನಲ್ಲಿ ಅದು ಇಳಿಯೋ ಹೊತ್ತಿಗೆ ನಾನು ಬೆಂಗಳೂರು ಬಸ್ಸು ಹತ್ತಿ ಊರಿಗೆ ಹೋಗಿ ವಾಪಸ್ ಬರಬಹುದು.

ಹಾಗಂತ ಹಳೇದೆಲ್ಲಾ ಚಿನ್ನ ಅನ್ನೋ ಪೈಕಿ ನಾನಲ್ಲ. ಮುದುಕರೆಲ್ಲ ಜ್ಞಾನಿಗಳಾ? ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರು ಬರೋದ್ರೊಳಗೆ ಆಡ್ತಿದ್ದ ಎರಡು ಆಟ ತಗೊಳ್ಳಿ. ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ. ಜಾನ್ ರೊಮೇರೋ 1988ರಲ್ಲಿ ಮಾಡಿದ ಡೇವ್ ಇವತ್ತು ಆಡಿದ್ರೆ ಹತ್ತು ನಿಮಿಷದ ನಗು, ಆಮೇಲೆ ಆಕಳಿಕೆ. ಮರದ ಮನುಷ್ಯ ಹಾರಿದ ಹಾಗೆ ಹಾರ್ತಾನೆ. ಪ್ರಿನ್ಸ್ ಬಂದಿದ್ದು 1989ರಲ್ಲಿ, ಒಂದೇ ವರ್ಷ ಆಚೀಚೆ. ಅದನ್ನ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನ ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಆ ಚಿತ್ರಗಳನ್ನ ಒಂದೊಂದಾಗಿ ತಿದ್ದಿ ಆಟಕ್ಕೆ ತಂದ. ಆ ರಾಜಕುಮಾರ ಅಂಚಿನಲ್ಲಿ ತಡವರಿಸೋದು, ಕೈಯಲ್ಲಿ ಜೋತುಬೀಳೋದು ಇವತ್ತಿಗೂ ಮನುಷ್ಯನದೇ ಮೈ. ಮುಳ್ಳಿನ ಮೇಲೆ ಬಿದ್ರೆ ಇವತ್ತಿಗೂ ಹೊಟ್ಟೆಯೊಳಗೆ ಜುಮ್ಮನ್ನುತ್ತೆ. ಒಂದೇ ಕಾಲದ ಎರಡು ಆಟ, ಒಂದು ಹಳಸಿತು, ಇನ್ನೊಂದು ಹಳಸಲಿಲ್ಲ. ಇದರಲ್ಲಿ ನನ್ನ ಬಾಲ್ಯದ ಪಾತ್ರ ಏನಿದೆ?

ಮೊದಮೊದಲ 3ಡಿ ಆಟಗಳನ್ನಂತೂ ಧಾರಾಳವಾಗಿ ಬಿಟ್ಟುಕೊಡ್ತೀನಿ. 1996ರ ಟೂಂಬ್ ರೈಡರ್ ಆಡೋದು ಟ್ರ್ಯಾಕ್ಟರನ್ನ ಓಣಿಯೊಳಗೆ ರಿವರ್ಸ್ ತಗೊಂಡ ಹಾಗೆ. 2024ರಲ್ಲಿ ಅದನ್ನ ಮತ್ತೆ ತಂದವರು ಹೊಸ ಚಿತ್ರದ ಜೊತೆ ಹೊಸ ಕಂಟ್ರೋಲನ್ನೂ ಕೊಡಬೇಕಾಯ್ತು ಅಂದ್ರೆ ಲೆಕ್ಕ ಹಾಕಿ.

ಈಗ ನಮ್ಮವರದೇ ಒಂದು ಉದಾಹರಣೆ. ಇ.ಎ. ಸ್ಪೋರ್ಟ್ಸ್ ಕ್ರಿಕೆಟ್ 07. ಕ್ರಿಕೆಟ್ಟಿನ ಗಂಧಗಾಳಿ ಕಮ್ಮಿ ಇರೋ ಕೆನಡಾದ ಎಚ್.ಬಿ. ಸ್ಟುಡಿಯೋಸ್ ಮಾಡಿದ ಆಟ, 2006ರ ನವೆಂಬರಿನಲ್ಲಿ ಬಂತು. ಆಶಸ್ ಸರಣಿಗೆ ಲೈಸೆನ್ಸ್ ಇತ್ತು, ನಮ್ಮ ಹುಡುಗರ ಹೆಸರುಗಳನ್ನ ತಿರುಚಿ ಹಾಕಿದ್ರು. ಕಂಪ್ಯೂಟರ್ ಬೌಲರಿಗೆ ಬುದ್ಧಿ ಕಮ್ಮಿ, ಒಂದು ಹೊಡೆತ ಕಲಿತರೆ ಓವರಿಗೆ ಇಪ್ಪತ್ತು ಹೊಡೀಬಹುದು. ಇಷ್ಟೆಲ್ಲಾ ಕುಂದು ಇದ್ರೂ ನಮ್ಮ ದೇಶದಲ್ಲಿ ಅದು ಸಾಯಲೇ ಇಲ್ಲ. ಯಾಕೆ? ಆ ಆಟ ನಮ್ಮ ಕಂಪ್ಯೂಟರಿನಲ್ಲಿತ್ತು, ಯಾರದೋ ಸರ್ವರಿನಲ್ಲಿ ಅಲ್ಲ. ಹುಡುಗರು ಅದರ ಫೈಲುಗಳನ್ನ ಬಿಚ್ಚಿದರು, ಹೆಸರು ತಿದ್ದಿದರು, ಜರ್ಸಿ ಬದಲಾಯಿಸಿದರು, ಹೊಸ ಸ್ಟೇಡಿಯಂ ಕಟ್ಟಿದರು. ಐಪಿಎಲ್ ಶುರುವಾಗಿದ್ದೇ 2008ರಲ್ಲಿ, ಆಟ ಬಂದ ಮೇಲೆ! ಆದರೂ ಪ್ಯಾಚ್ ಹಾಕಿದ್ರೆ ಅದರಲ್ಲಿ ಐಪಿಎಲ್ ತಂಡಗಳೆಲ್ಲ ಇವೆ. 2015ರಲ್ಲಿ ತೀರಿಕೊಂಡ ರಿಚೀ ಬೆನೊ ದನಿ ಇವತ್ತಿಗೂ ಅದರಲ್ಲಿ ಕಾಮೆಂಟರಿ ಹೇಳ್ತಾ ಇದೆ.

ಹೈದರಾಬಾದಿನಲ್ಲಿರೋ ಕನ್ನಡಿಗನಿಗೆ ಈ ಆಟ ಎಂಥ ಔಷಧ ಅನ್ನೋದು ನಿಮಗೆ ಗೊತ್ತಾಗಬೇಕಾದ್ರೆ ನೀವು ಇಲ್ಲಿರಬೇಕು. 2009ರ ಫೈನಲ್ಲಿನಲ್ಲಿ ನಮ್ಮ ಆರ್‌ಸಿಬಿ ಸೋತದ್ದು ಯಾರಿಗೆ? ಡೆಕ್ಕನ್ ಚಾರ್ಜರ್ಸ್‌ಗೆ, 6 ರನ್ನಿನಿಂದ. 2016ರಲ್ಲಿ ಚಿನ್ನಸ್ವಾಮಿಯಲ್ಲೇ ಸೋತದ್ದು ಯಾರಿಗೆ? ಸನ್‌ರೈಸರ್ಸ್‌ಗೆ, 8 ರನ್ನಿನಿಂದ. ಎರಡು ಸಲವೂ ಹೈದರಾಬಾದಿಗೇ! ಮಾರನೇ ದಿನ ಆಫೀಸಿನಲ್ಲಿ ಕೂತವರ ಕಷ್ಟ ನಮಗೇ ಗೊತ್ತು. 2025ರ ಜೂನ್ 3ರಂದು ಕೊನೆಗೂ ಕಪ್ ಬಂತು. ಕ್ರಿಕೆಟ್ 07ರಲ್ಲಿ ನಾವು ಅಷ್ಟರೊಳಗೆ ಎಷ್ಟು ಕಪ್ ಗೆದ್ದಿದ್ವೋ ಇಡೋಕೆ ಜಾಗ ಇರಲಿಲ್ಲ.

ಆ ಇ.ಎ. ಕಂಪನಿಯ ದೊಡ್ಡ ಆಫೀಸು ಇದೇ ಊರಿನಲ್ಲಿದೆ. ಆದರೆ 07 ಆದಮೇಲೆ ಪಿಸಿಗಾಗಲೀ ಕನ್ಸೋಲಿಗಾಗಲೀ ಒಂದು ಕ್ರಿಕೆಟ್ ಆಟ ಅವರಿಂದ ಬರಲಿಲ್ಲ. ನೂರು ಕೋಟಿಗೂ ಮಿಕ್ಕಿ ಜನ ನೋಡೋ ಆಟ ಅಂತ ಎಲ್ಲರೂ ಭಾಷಣ ಮಾಡ್ತಾರೆ, ಆಡೋಕೆ ಕೊಡೋರಿಲ್ಲ. ಸಾಕಿದ್ದು ಯಾರು ಅಂದ್ರೆ ಕಾಲೇಜು ಹುಡುಗರು.

ಈಗ ಬನ್ನಿ ನನ್ನ ಅಸಲಿ ಜಗಳಕ್ಕೆ. "ಹಳೇ ಆಟ ಇವತ್ತಿಗೆ ನಿಲ್ಲುತ್ತಾ" ಅಂತ ಕೇಳೋರು ತಿರುಗಿಸಿ ಒಂದು ಸಲ ಕೇಳಿಕೊಳ್ಳಲಿ: ಇವತ್ತಿನ ಆಟ ನಾಳೆಗೆ ಇರುತ್ತಾ? ನಿಲ್ಲೋದು ಆಮೇಲೆ, ಮೊದಲು ಇರಬೇಕಲ್ಲ! ಫಾರ್ಮ್‌ವಿಲ್ ನೆನಪಿದೆಯಾ? 2009ರಲ್ಲಿ ನಮ್ಮ ಆಫೀಸುಗಳಲ್ಲಿ ಅರ್ಧ ಜನ ಕೆಲಸ ಬಿಟ್ಟು ಬದನೆಕಾಯಿ ಕುಯ್ಯುತ್ತಿದ್ರು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಜೊತೆಗೇ ಅದೂ ಮುಚ್ಚಿತು. ಮಾರಿಯೋ ಇನ್ನೂ ಹಾರ್ತಿದಾನೆ, ಆ ಹೊಲಗಳು ಎಲ್ಲಿ? ಯೂಬಿಸಾಫ್ಟಿನ ದ ಕ್ರೂ ಅನ್ನೋ ಕಾರಿನ ಆಟ 2014ರಲ್ಲಿ ದುಡ್ಡು ಕೊಟ್ಟು ಕೊಂಡಿದ್ದು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು, ಡಿಸ್ಕ್ ಕೈಯಲ್ಲಿದ್ರೂ ಆಟ ಇಲ್ಲ. ಒಬ್ಬನೇ ಕೂತು ಆಡೋಣ ಅಂದ್ರೂ ಇಲ್ಲ. ಸೋನಿಯ ಕಾನ್‌ಕಾರ್ಡ್ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಹೋಯ್ತು. ಎರಡು ವಾರ! ನಮ್ಮಲ್ಲಿ ಉಪ್ಪಿನಕಾಯಿ ಹಾಕಿದ್ರೆ ಅದು ಕಳಿಯೋಕೆ ಅದಕ್ಕಿಂತ ಜಾಸ್ತಿ ದಿನ ಬೇಕು. (ದುಡ್ಡು ವಾಪಸ್ ಕೊಟ್ಟರು ಅನ್ನೋದನ್ನ ಒಪ್ಪಿಕೊಳ್ಳಬೇಕು.)

ನನ್ನ ಮಗಳದ್ದೂ ಒಂದು ಊರು ಇತ್ತು, ಮೊಬೈಲಿನಲ್ಲಿ. ಆಟದ ಹೆಸರು ಬೇಡ. ಮೂರು ವರ್ಷ ಕಟ್ಟಿದ್ದಳು. ಕೆರೆ, ತೇರಿನ ಬೀದಿ, ಮೂಲೆಯಲ್ಲಿ ಅಜ್ಜಿ ಮನೆ ಅಂತ ಹಂಚಿನ ಮನೆಯೊಂದು. ಹುಟ್ಟಿದಹಬ್ಬದ ದುಡ್ಡನ್ನೂ ಅದಕ್ಕೇ ಸುರಿದಿದ್ದಳು. ಒಂದು ದಿನ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂತು, ಇಂಥ ತಾರೀಖಿನಿಂದ ಸೇವೆ ಇರೋದಿಲ್ಲ, ಇಷ್ಟು ದಿನ ಜೊತೆಗಿದ್ದಕ್ಕೆ ಧನ್ಯವಾದ ಅಂತ. ಆ ತಾರೀಖಿನವರೆಗೂ ದಿನಾ ಸಂಜೆ ಕೂತು ಒಂದೊಂದು ಬೀದಿಯ ಫೋಟೋ ತೆಗೆದಿಟ್ಟುಕೊಂಡಳು. ಮುಳುಗಡೆಯಾಗೋ ಊರಿನವರು ಮಾಡೋ ಹಾಗೆ. ಅವಳಿಗೆ ನಾಳೆ ನಾಸ್ಟಾಲ್ಜಿಯಾ ಆದ್ರೂ ಸಿಗುತ್ತಾ? ಮತ್ತೆ ಆಡಿ ನೋಡಿ "ಅಯ್ಯೋ, ಇದು ಅಷ್ಟೇನೂ ಚೆನ್ನಾಗಿರಲಿಲ್ಲ" ಅಂತ ನಗೋ ಭಾಗ್ಯವೂ ಇಲ್ಲ. ನನಗೆ ತಿಪಟೂರಿನ ದೋಸೆಯನ್ನ ತಿಂದು ನೋಡೋ ಅವಕಾಶವಾದ್ರೂ ಇತ್ತು.

ಹಿಂದೆಯೂ ದುರಾಸೆ ಇತ್ತು ಅಂತ ಅಳಿಯ ವಾದ ಹೂಡಬಹುದು. ಇತ್ತಪ್ಪಾ. ಕಾಸು ಹಾಕಿ ಆಡೋ ಮಿಷನ್ನುಗಳನ್ನ ಬೇಗ ಸಾಯಿಸಿ ಇನ್ನೊಂದು ಕಾಸು ಕೀಳೋ ಹಾಗೇ ಮಾಡಿರ್ತಿದ್ರು. ಆದರೆ ಜೇಬು ಖಾಲಿಯಾದ್ರೆ ನಾವು ಮನೆಗೆ ಬರ್ತಿದ್ವಿ. ಆ ಮಿಷನ್ನು ರಾತ್ರಿ ಹನ್ನೆರಡಕ್ಕೆ ದಿಂಬಿನ ಪಕ್ಕ ಬಂದು "ನಿನ್ನ ಬಹುಮಾನ ಕಾಯ್ತಿದೆ" ಅಂತ ಕರೀತಿರಲಿಲ್ಲ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋಕೆ 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯ್ತು. ಕಾಂಟ್ರಾಗೆ ಯಾರೂ ಕಾನೂನು ಮಾಡಿರಲಿಲ್ಲ.

ಹೊಸ ಆಟಗಳೆಲ್ಲ ಕೆಟ್ಟವು ಅಂತ ಇದರರ್ಥ ಅಲ್ಲ. ಏಜ್ ಆಫ್ ಎಂಪೈರ್ಸ್ 2 ನೋಡಿ, 1999ರದ್ದು. 2019ರಲ್ಲಿ ಹೊಸ ಬಟ್ಟೆ ಹಾಕಿ ತಂದರು, 2022ರಲ್ಲಿ ಉರುಮಿ ಬೀಸೋ ಸೈನಿಕರ ಸಮೇತ ದ್ರಾವಿಡರನ್ನೂ ಸೇರಿಸಿದರು. (ದಕ್ಷಿಣದವರನ್ನೆಲ್ಲ ಒಂದೇ ಚೀಲಕ್ಕೆ ತುಂಬಿದಾರೆ ಅನ್ನೋ ಬೇಜಾರು ನನಗಿದೆ, ಅದಕ್ಕೆ ಬೇರೆ ಲೇಖನವೇ ಬೇಕು.) ಮೂಲ ಆಟ ಗಟ್ಟಿ ಇದ್ದದ್ದರಿಂದ ಹೊಸ ಬಟ್ಟೆ ಒಪ್ಪಿತು. ಈಗಿನವರಿಗೂ ಹಾಗೆ ಮಾಡೋಕೆ ಬರುತ್ತೆ, ಮನಸ್ಸಿಲ್ಲ ಅಷ್ಟೇ.

ದ ಕ್ರೂ ಮುಚ್ಚಿದ ಮೇಲೆ ರಾಸ್ ಸ್ಕಾಟ್ ಅನ್ನೋರು ಶುರು ಮಾಡಿದ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಚಳವಳಿಯ ಯುರೋಪಿನ ಮನವಿಗೆ 2025ರ ಜುಲೈಯಲ್ಲಿ 10 ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಅಂಗಡಿಯವನು "ನೀವು ಕೊಳ್ತಿರೋದು ಆಟವನ್ನಲ್ಲ, ಆಡೋ ಪರವಾನಗಿಯನ್ನ" ಅಂತ ಮೊದಲೇ ಹೇಳಬೇಕು. ನಮ್ಮಲ್ಲಿ ಈ ಮಾತು ಇನ್ನೂ ಎದ್ದೇ ಇಲ್ಲ. ಆಟ ಮಾಡೋ ಅಷ್ಟು ಜನ ಇಂಜಿನಿಯರುಗಳು ಇದೇ ಹೈದರಾಬಾದಿನಲ್ಲಿ, ಬೆಂಗಳೂರಿನಲ್ಲಿ ಕೂತಿದಾರೆ, ಅವರಲ್ಲಿ ನಮ್ಮವರೂ ಬೇಕಾದಷ್ಟು ಜನ ಇದಾರೆ. ಇದನ್ನ ಓದ್ತಿದ್ರೆ ನಿಮ್ಮ ಮುಂದಿನ ಮೀಟಿಂಗಿನಲ್ಲಿ ಒಂದು ಮಾತು ಹಾಕಿ ನೋಡಿ: ಸರ್ವರ್ ನಿಲ್ಲಿಸೋ ದಿನ ಆ ಪ್ರೋಗ್ರಾಮನ್ನ ಆಡೋರ ಕೈಗೆ ಕೊಟ್ಟು ಹೋಗೋಣ ಅಂತ. ನಡೆಸೋ ಖರ್ಚು ನಿಮಗೆ ಬೇಡ. ಕ್ರಿಕೆಟ್ 07 ಅನ್ನ ಇಷ್ಟು ವರ್ಷ ಸಾಕಿದ ಹುಡುಗರು ಇದನ್ನೂ ಸಾಕ್ಕೋತಾರೆ.